ದಂಡನಾಯಕರ ಅಧಿಕಾರ, ರಾಜ್ಯಪಾಲರ ಅಧಿಕಾರ

ಸೇನೆಯನ್ನು ನಡೆಸಿದವರು ರಾಜ್ಯದ ಉನ್ನತ ಪದವಿಗೆ ಬಂದರೆ ಅವರ ಅಧಿಕಾರವು ಹೆಚ್ಚುವುದೋ ಕುಗ್ಗುವುದೋ? ರಾಯಚೂರು ಸೀಮೆಯ ಚರಿತ್ರೆಯಲ್ಲಿ ಇದಕ್ಕೆ ಎರಡು ಉತ್ತರಗಳಿವೆ.

ರಾಯಚೂರು, ಮಾನ್ವಿ, ದೇವದುರ್ಗಗಳು ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. 1948ರ ಸೆಪ್ಟೆಂಬರಿನಲ್ಲಿ ಆ ಸಂಸ್ಥಾನವು ಭಾರತದ ಸೇನೆಗೆ ಶರಣಾಗಲು, ಮೇಜರ್ ಜನರಲ್ ಜೆ. ಎನ್. ಚೌಧುರಿಯವರು ಮಿಲಿಟರಿ ಗವರ್ನರಾಗಿ 1949ರ ಕೊನೆಯವರೆಗೆ ಆಳಿದರು. ಕಾನೂನು ಮಾಡುವುದೂ ನಡೆಸುವುದೂ ಅವರ ಕೈಯಲ್ಲಿಯೇ ಇದ್ದಿತು.

1956ರ ನವೆಂಬರ್ 1ರಂದು ಈ ಸೀಮೆಯು ಮೈಸೂರು ರಾಜ್ಯವನ್ನು ಸೇರಿತು. 1964ರ ಮೇ ತಿಂಗಳಲ್ಲಿ ಆ ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದವರು ಜನರಲ್ ಎಸ್. ಎಂ. ಶ್ರೀನಾಗೇಶರು. 1955ರಿಂದ 1957ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದ ಇವರು, ಅಸ್ಸಾಂ ಮತ್ತು ಆಂಧ್ರಪ್ರದೇಶಗಳಲ್ಲಿ ಅದೇ ಪದವಿಯನ್ನು ವಹಿಸಿದ್ದವರು. ಪದವಿಯೇನೋ ಹಿರಿದು, ಆದರೆ ಸಂವಿಧಾನದಂತೆ ರಾಜ್ಯಪಾಲರು ಸಾಮಾನ್ಯವಾಗಿ ಮಂತ್ರಿಮಂಡಲದ ಸಲಹೆಯನ್ನು ಅನುಸರಿಸತಕ್ಕವರು. ಆಗಿನ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರ ಮಂತ್ರಿಮಂಡಲವು ಜನರಾರಿಸಿದ ವಿಧಾನಸಭೆಗೆ ಹೊಣೆಯಾಗಿದ್ದಿತು. ಇಡೀ ಭೂಸೇನೆಗೆ ಅಪ್ಪಣೆ ಕೊಡುತ್ತಿದ್ದವರು 1965ರ ಏಪ್ರಿಲಿನವರೆಗೆ ಈ ಕಟ್ಟಳೆಗೆ ಒಳಪಟ್ಟಿದ್ದರು.

ದೇವದುರ್ಗದ ರೈತನು ಈ ಇಬ್ಬರಲ್ಲಿ ಯಾರನ್ನೂ ಆರಿಸಿದವನಲ್ಲ. ಮೊದಲನೆಯವರ ಮಾತನ್ನು ಅವನು ಕೇಳಬೇಕಾಗಿದ್ದಿತು. ಎರಡನೆಯವರು ಕೇಳಬೇಕಾಗಿದ್ದ ಮಾತಾದರೋ, ಅವನ ಮತದಿಂದಲೇ ಬಲವನ್ನು ಪಡೆದದ್ದು.