ಬಳ್ಳಾರಿ ದಾರಿಯಿಂದ ಧ್ರುವದ ದಾರಿಗೆ

ಮುಂಬೈಯಿಂದ ಬಳ್ಳಾರಿಗೆ ನಕಾಶೆಯ ಮೇಲೆ ನೇರ ಗೆರೆ ಎಳೆದು ನೋಡಿ. ಅದು ಬಾಗಲಕೋಟೆ–ಹುನಗುಂದ ಸೀಮೆಯನ್ನು, ಅಂದರೆ ನಮ್ಮ ಬೇವೂರಿನ ಆಸುಪಾಸನ್ನೇ ಹಾಯ್ದು ಹೋಗುತ್ತದೆ. ಟಾಟಾ ಟಪಾಲು ವಿಮಾನದ ಮೊದಲ ದಾರಿಯಲ್ಲಿ ಮುಂಬೈ, ಬಳ್ಳಾರಿ ಎರಡೂ ಇದ್ದವು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬೈಗೆ ಟಪಾಲು ತಂದರು. ಅಲ್ಲಿಂದ ಪೈಲಟ್ ನೆವಿಲ್ ವಿನ್ಸೆಂಟ್ ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ಒಯ್ದರು. ಆ ಟಪಾಲು ಹೊತ್ತ ಪುಸ್ ಮಾತ್ ವಿಮಾನಕ್ಕೆ ಒಂದೇ ಎಂಜಿನ್, ವೇಗ ಗಂಟೆಗೆ ಸುಮಾರು 160 ಕಿ.ಮೀ. ಬಳ್ಳಾರಿ ತಲುಪಲು 600 ಕಿ.ಮೀ. ಹಾರಬೇಕಿತ್ತು. ಇಂದು ಅಷ್ಟು ಹೊತ್ತಿನೊಳಗೆ ಜೆಟ್ ವಿಮಾನ ಮುಂಬೈಯಿಂದ ಚೆನ್ನೈಗೆ ಹೋಗಿ ಮರಳಬಲ್ಲದು.

1948ರ ಜೂನ್ 8ರಂದು ಮುಂಬೈಯಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಕೈರೋ, ಜಿನೀವಾಗಳಲ್ಲಿ ಇಳಿದೇ ಮುಂದೆ ಹೋಯಿತು. 1960ರಲ್ಲಿ ಬೋಯಿಂಗ್ 707 ಜೆಟ್ ಬಂದು ನ್ಯೂಯಾರ್ಕ್ ಹತ್ತಿರವಾಯಿತು. ಆದರೆ ದೂರವನ್ನು ನಿಜವಾಗಿ ಕುಗ್ಗಿಸಿದ್ದು ಎಂಜಿನ್ನಿನ ಮೇಲೆ ಬೆಳೆದ ನಂಬಿಕೆ ಎಂಬುದು ನನ್ನ ಅಭಿಪ್ರಾಯ. ಎರಡೇ ಎಂಜಿನ್ನಿನ ವಿಮಾನಗಳು ತುರ್ತಿಗೆ ಒದಗುವ ನಿಲ್ದಾಣದಿಂದ 60 ನಿಮಿಷಕ್ಕಿಂತ ದೂರ ಸರಿಯುವಂತಿರಲಿಲ್ಲ. 1985ರಲ್ಲಿ ಆ ಮಿತಿ 120 ನಿಮಿಷವಾಯಿತು, 1988ರಲ್ಲಿ 180. ಸಾಗರ, ಹಿಮಪ್ರದೇಶಗಳ ಮೇಲಿನ ನೇರ ದಾರಿಗಳು ತೆರೆದುಕೊಂಡವು.

ಅದರ ಫಲವನ್ನು ಕನ್ನಡನಾಡು ಕಂಡದ್ದು 2021ರ ಜನವರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾದು, ನಡುವೆ ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂತು. ನೇರ ದೂರ ಸುಮಾರು 14,000 ಕಿ.ಮೀ.; ಹಾರಾಟ ಸುಮಾರು 17 ಗಂಟೆ. ಅಮೆರಿಕ ಪಶ್ಚಿಮಕ್ಕಿದ್ದರೆ ಉತ್ತರಕ್ಕೇಕೆ ಹೋಗಬೇಕು? ಎರಡೂ ಊರುಗಳ ರೇಖಾಂಶದ ಅಂತರ ಸುಮಾರು 160 ಡಿಗ್ರಿ. ಅಂದರೆ ಅವು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿವೆ, ಎರಡೂ ಭೂಮಧ್ಯರೇಖೆಯ ಉತ್ತರಕ್ಕಿವೆ. ಗೋಡೆಯ ನಕಾಶೆ ಮರೆತು ಗೋಲದ ಮೇಲೆ ದಾರ ಬಿಗಿದು ಹಿಡಿದರೆ ಅದು ಉತ್ತರ ಧ್ರುವದ ಕಡೆಗೇ ಬಾಗುತ್ತದೆ. ಆದರೂ ನೇರ ದಾರಿಯೇ ಸಿಗುತ್ತದೆಂಬ ಖಾತ್ರಿಯಿಲ್ಲ. ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾಗಿ ಬೀಸುವ ಕಡೆ ಹೋಗುವ, ಬರುವ ಹೊತ್ತು ಬೇರೆಬೇರೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶ ಮುಚ್ಚಿದಾಗ ಭಾರತೀಯ ವಿಮಾನಗಳು ಸುತ್ತಿಕೊಂಡು ಹೋಗಬೇಕಾಯಿತು.

ಬೇವೂರಿನವರಿಗೆ ಮಾತ್ರ ಪಯಣ ಶುರುವಾಗುವುದು ರನ್‌ವೇಯಲ್ಲಲ್ಲ. 2003ರಲ್ಲಿ ಏರ್ ಡೆಕ್ಕನ್ ಸಣ್ಣ ಎಟಿಆರ್ ವಿಮಾನಗಳನ್ನು ಹುಬ್ಬಳ್ಳಿಗೂ ಹಾರಿಸಿತು, 2017ರಲ್ಲಿ ಸಣ್ಣ ಊರುಗಳಿಗೆ ವಿಮಾನ ಒದಗಿಸುವ ಉಡಾನ್ ಯೋಜನೆಯ ವಿಮಾನಗಳು ಹಾರತೊಡಗಿದವು. ಆದರೂ ಹುಬ್ಬಳ್ಳಿ ನಿಲ್ದಾಣ ನೂರಕ್ಕೂ ಹೆಚ್ಚು ಕಿ.ಮೀ. ದೂರ, ಬೆಂಗಳೂರಿಗಾದರೆ ಇಡೀ ರಾತ್ರಿ ಬಸ್ಸು. ಮಗಳನ್ನು ನೋಡಲು ಅಮೆರಿಕಕ್ಕೆ ಹೊರಟ ತಾಯಿಗೆ 17 ಗಂಟೆಯೆಂದು ಹೇಳಿದರೆ ಲೆಕ್ಕ ಅರ್ಧವೇ. ಹುನಗುಂದ, ಇಳಕಲ್, ಬಾಗಲಕೋಟೆ, ಬಾದಾಮಿಗಳಿಂದ ವಿಮಾನದ ವೇಳೆಗೆ ಸರಿಯಾಗಿ ಹುಬ್ಬಳ್ಳಿ ನಿಲ್ದಾಣದ ಬಾಗಿಲಿಗೇ ಬಸ್ ಬಿಡಬೇಕು. ಹೊಸ ರನ್‌ವೇಗೆ ಕಾಯದೆ ಸಾರಿಗೆ ಇಲಾಖೆ ಈಗಲೇ ಮಾಡಬಹುದಾದ ಕೆಲಸವಿದು.