ಕಾಡುಗೋಡಿಯಿಂದ ಅರಮನೆ ಮೈದಾನಕ್ಕೆ

ಬಾನುಲಿ ನಿಲಯದ ಮೆತ್ತನೆಯ ಗೋಡೆಗಳ ನಡುವೆ ಕುಳಿತುಕೊಂಡು, ಎದುರಿಗೆ ನಿಂತು ಕೇಳುವ ಹಾಡಿನ ಮುಂದೆ ಬಾನುಲಿಯ ಹಾಡು ಸಪ್ಪೆ ಎಂದು ಹೇಳಹೊರಡುವುದು ಉಂಡ ಮನೆಯ ಜಂತೆ ಎಣಿಸಿದಂತೆಯೇ ಸರಿ. ಆದರೂ ಆ ಅಪರಾಧವನ್ನು ಈ ಹೊತ್ತು ಮಾಡಲೇಬೇಕಾಗಿದೆ. ಅದಕ್ಕಿಂತ ದೊಡ್ಡ ಅಪರಾಧವೂ ಒಂದಿದೆ. ಇತಿಹಾಸದ ಮೇಷ್ಟ್ರಾಗಿ ಮೂವತ್ತು ವರ್ಷ ಹಾಸನ್ನು ಗಂಟಲಲ್ಲೇ ನುಂಗಿಕೊಂಡಿದ್ದ ನಾನು, ಗಿಟಾರು ಮತ್ತು ಡ್ರಮ್ಮುಗಳ ಮುಂದೆ ಹತ್ತಾರು ಸಾವಿರ ತರುಣರ ನಡುವೆ ನಿಂತು, ಗಂಟಲು ಕಟ್ಟುವವರೆಗೆ ಹಾಡಿ ಬಂದವನು. ಒಂದು ಸಲ ಅಲ್ಲ, ಹಲವು ಸಲ. ಈ ಸುಖಕ್ಕೂ ನಮ್ಮ ಊರಿಗೂ ಏನು ಸಂಬಂಧ ಎಂದು ಕೇಳುವವರಿಗೆ ಹೇಳಬೇಕಾದದ್ದು ಸ್ವಲ್ಪ ಇದೆ.

ನನ್ನ ಊರು ಕಾಡುಗೋಡಿ. ವೈಟ್‌ಫೀಲ್ಡ್ ಎಂಬ ಹೆಸರಿನ ರೈಲು ನಿಲ್ದಾಣ ಇರುವುದು ನಮ್ಮೂರಿನಲ್ಲಿ. ನಿಲ್ದಾಣ ನಮ್ಮದು, ಹೆಸರು ನೆರೆಯವರದು. 1882ರಲ್ಲಿ ಡೇವಿಡ್ ಇಮ್ಯಾನ್ಯುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್ ಎಂಬವರ ಮುಂದಾಳುತನದ ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಬೇಸಾಯಕ್ಕೆಂದು ಭೂಮಿ ಕೊಟ್ಟರು. ಆ ವಸಾಹತಿಗೆ ವೈಟ್‌ಫೀಲ್ಡ್ ಎಂಬ ಹೆಸರಾಯಿತು. ಬೇಸಾಯ ಅಷ್ಟಾಗಿ ಕೈಹತ್ತಲಿಲ್ಲ. ವರ್ತುಲಾಕಾರದ ರಸ್ತೆಯ ಸುತ್ತ ಹೆಂಚಿನ ಮನೆಗಳು, ಮಾವಿನ ಮರಗಳು, ಒಂದು ಚರ್ಚು ಉಳಿದವು. ಆ ಮನೆಗಳಿಗೆ ಹಾಲು ಹಾಕುತ್ತಿದ್ದವರು ನಮ್ಮ ತಂದೆ. ಹಾಲಿನ ಕ್ಯಾನು ಹೊರುತ್ತಿದ್ದವನು ನಾನು. ಅಲ್ಲೊಂದು ಮನೆಯ ಜಗಲಿಯಲ್ಲಿ ವಯಸ್ಸಾದವರೊಬ್ಬರು ಬೆಳಗಿನ ಹೊತ್ತು ಗಿಟಾರು ನುಡಿಸುತ್ತ ಕುಳಿತಿರುತ್ತಿದ್ದರು. ಹಾಲು ಅಳೆದು ಕೊಟ್ಟ ಮೇಲೂ ನಾನು ಮರದ ಕಂಬಕ್ಕೆ ಒರಗಿ ನಿಂತಿರುತ್ತಿದ್ದೆ. ಅವರು ದಪ್ಪ ತಂತಿಯನ್ನು ಮೀಟಿದಾಗ ಕಂಬದಲ್ಲಿ ಸಣ್ಣದೊಂದು ನಡುಕ ಹರಿದು ನನ್ನ ಬೆನ್ನಿಗೆ ತಾಕುತ್ತಿತ್ತು. ಹಾಡಿನ ಒಂದು ಮಾತೂ ತಿಳಿಯದ ಹುಡುಗನಿಗೆ ನಾದ ಕಿವಿಗಿಂತ ಮೊದಲು ಬೆನ್ನಿಗೆ ತಿಳಿದದ್ದು ಹಾಗೆ.

ನನ್ನ ಇನ್ನೊಂದು ಪಾಠಶಾಲೆ ಚಾಮರಾಜಪೇಟೆ. ಸೋದರಮಾವ ಅಲ್ಲಿದ್ದರು. 1939ರಲ್ಲಿ ಆರಂಭವಾದ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಬಂದರೆ ಮಾವ ಊಟ ನಿದ್ರೆ ಮರೆಯುತ್ತಿದ್ದರು. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಚಪ್ಪರ. ಚೆಂಬೈ ವೈದ್ಯನಾಥ ಭಾಗವತರು, ಎಂ. ಎಸ್. ಸುಬ್ಬುಲಕ್ಷ್ಮಿಯವರಂಥ ದೊಡ್ಡವರು ಹಾಡಿದ ಚಪ್ಪರ ಅದು. ಒಳಗೆ ಟಿಕೆಟ್ಟು ಕೊಂಡವರು ಕುರ್ಚಿಯ ಮೇಲೆ. ಹೊರಗೆ ರಸ್ತೆಯ ಅಂಚಿನಲ್ಲಿ, ಅಂಗಡಿಗಳ ಕಟ್ಟೆಯ ಮೇಲೆ, ಸೈಕಲ್ಲಿಗೆ ಒರಗಿಕೊಂಡು ಇನ್ನೊಂದು ಸಭೆ. ಮಾವ ಹೊರಗಿನ ಸಭೆಯವರು. ದುಡ್ಡಿಲ್ಲದ್ದಕ್ಕೆ ಮಾತ್ರವೇ ಹಾಗಲ್ಲ. ಹೊರಗೆ ನಿಂತವರು ತಲೆದೂಗಿದರೆ, ತೊಡೆ ತಟ್ಟಿದರೆ, ತಾಳ ತಪ್ಪಿ ನಕ್ಕರೆ ಕೇಳುವವರಿಲ್ಲ ಎನ್ನುತ್ತಿದ್ದರು. ತನಿ ಆವರ್ತನದ ಕೊನೆಯ ಮುಕ್ತಾಯಕ್ಕೆ ರಸ್ತೆಯ ಜನವೆಲ್ಲ ಒಟ್ಟಿಗೆ ‘ಆಹಾ’ ಎಂದದ್ದನ್ನು ಎಷ್ಟೋ ಸಲ ಕೇಳಿದ್ದೇನೆ. ಮನೆಯಲ್ಲಿ ಅದೇ ವಿದ್ವಾಂಸರ ಗ್ರಾಮಫೋನ್ ತಟ್ಟೆ ಹಾಕಿದಾಗ ಆ ‘ಆಹಾ’ ಬರುತ್ತಿರಲಿಲ್ಲ. ಮೃದಂಗ ಅಷ್ಟೇ ಚೆನ್ನಾಗಿತ್ತು, ಆದರೂ ಏನೋ ಕಡಿಮೆಯಾಗಿತ್ತು.

ಇನ್ನು ಅರಮನೆ ಮೈದಾನ. ಬೆಂಗಳೂರಿನ ಅರಮನೆಯನ್ನು ಮೊದಲು ಕಟ್ಟಿಸತೊಡಗಿದ್ದು ಅರಸರಲ್ಲ, ಸೆಂಟ್ರಲ್ ಹೈಸ್ಕೂಲಿನ ಮೊದಲ ಪ್ರಾಂಶುಪಾಲರಾಗಿದ್ದ ಪಾದ್ರಿ ಜಾನ್ ಗ್ಯಾರೆಟ್. ಕನ್ನಡ ಮುದ್ರಣದ ಚರಿತ್ರೆ ಓದಿದವರಿಗೆ ಈ ಹೆಸರು ಹೊಸದಲ್ಲ; ಭಗವದ್ಗೀತೆಯನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದವರು ಅವರು. ಅವರಿಂದ ಅದು ಮೈಸೂರು ರಾಜಮನೆತನಕ್ಕೆ ಬಂತು. 1974ರಲ್ಲಿ ಜಯಚಾಮರಾಜ ಒಡೆಯರು ಕಣ್ಣು ಮುಚ್ಚಿದ್ದು ಇದೇ ಅರಮನೆಯಲ್ಲಿ. ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ಅವರನ್ನು ನಾವು ಬಲ್ಲೆವು. ಪಾಶ್ಚಾತ್ಯ ಸಂಗೀತದವರು ಅವರನ್ನು ಬೇರೆ ಕಾರಣಕ್ಕೆ ನೆನೆಯುತ್ತಾರೆ. ಬಡತನದಲ್ಲಿ ಲಂಡನ್ನಿನಲ್ಲಿದ್ದ ರಷ್ಯದ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಧ್ವನಿಮುದ್ರಣವಾದದ್ದು ಮೈಸೂರಿನ ಹಣದಿಂದ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾಂಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. 1950ರಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲ ಬಾರಿಗೆ ಸಭೆಯ ಮುಂದೆ ನಡೆದಾಗ ಖರ್ಚಿಗೆ ಜಾಮೀನು ನಿಂತವರೂ ಅವರೇ. ಆ ಮನೆಯ ಅಂಗಳದಲ್ಲಿ ಮುಂದೆ ವಿದ್ಯುತ್ ಗಿಟಾರು ಮೊಳಗಿದ್ದನ್ನು ಅವರು ಮೆಚ್ಚುತ್ತಿದ್ದರೋ ಇಲ್ಲವೋ, ಬಾಗಿಲು ಮುಚ್ಚಿಸುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಆ ಅಂಗಳ ಸುಮಾರು 450 ಎಕರೆ. 1996ರಲ್ಲಿ ಸರ್ಕಾರ ಅದನ್ನು ವಶಪಡಿಸಿಕೊಳ್ಳಲು ಕಾನೂನು ಮಾಡಿತು. ವ್ಯಾಜ್ಯ ದಶಕಗಳ ಕಾಲ ನಡೆಯಿತು. ವ್ಯಾಜ್ಯದ ಭೂಮಿಯಲ್ಲಿ ಕಟ್ಟಡ ಏಳಲಿಲ್ಲವಾಗಿ ಹಾಡಿಗೆ ಜಾಗ ಸಿಕ್ಕಿತು. ನ್ಯಾಯಾಲಯದ ತಡದಿಂದ ಕಲೆಗೆ ಇಂಥ ಉಪಕಾರವಾದ ಇನ್ನೊಂದು ನಿದರ್ಶನ ನನಗೆ ಹೊಳೆಯದು. 2002ರಲ್ಲಿ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2005ರಲ್ಲಿ ಮಾರ್ಕ್ ನಾಫ್ಲರ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅಲ್ಲಿ ನುಡಿಸಿದರು. ಮುಂಬಯಿ, ದೆಹಲಿಗಳ ರಸಿಕರೂ ರೈಲು ಹತ್ತಿ ಬರುತ್ತಿದ್ದ ಕಾಲ ಅದು.

ನಾನು ಮೊದಲು ಹೋದದ್ದು 2002ರಲ್ಲಿ. ತಂಗಿಯ ಮಗ ಟಿಕೆಟ್ಟು ತಂದಿದ್ದ. ಅವನ ಗೆಳೆಯ ಕೈಕೊಟ್ಟಿದ್ದರಿಂದ ಆ ಜಾಗಕ್ಕೆ ನಾನು. ವೈಟ್‌ಫೀಲ್ಡ್ ನಿಲ್ದಾಣದಲ್ಲಿ ರೈಲು ಹತ್ತಿ ದಂಡು ನಿಲ್ದಾಣದಲ್ಲಿಳಿದು ಮೈದಾನಕ್ಕೆ ನಡೆದೆವು. ಐವತ್ತು ದಾಟಿದವನು, ಇಸ್ತ್ರಿ ಮಾಡಿದ ಅಂಗಿ ಬೇರೆ. ಕತ್ತಲಾಗಿ ದೀಪಗಳು ಹೊತ್ತಿ ಮೊದಲ ಸ್ವರ ಎದ್ದಾಗ ಅದು ಮೊದಲು ತಾಕಿದ್ದು ಅಂಗಾಲಿಗೆ. ಮಣ್ಣಿನಿಂದ ಕಾಲಿಗೆ, ಕಾಲಿನಿಂದ ಎದೆಗೂಡಿಗೆ. ಜಗಲಿಯ ಕಂಬದ ನಡುಕವೇ ಅದು, ಸಾವಿರ ಪಾಲು ಹೆಚ್ಚಾಗಿ. ಆಮೇಲೆ ಪಾಠಶಾಲೆಯನ್ನೂ ಮೇಷ್ಟ್ರುಗಳನ್ನೂ ಧಿಕ್ಕರಿಸುವ ಆ ಪ್ರಸಿದ್ಧ ಹಾಡು ಬಂತು. ಮೈದಾನವೇ ಒಕ್ಕೊರಲಿನಿಂದ ಹಾಡಿತು. ನಾನೂ ಹಾಡಿದೆ. ಹಾಡುತ್ತ ಪಕ್ಕಕ್ಕೆ ತಿರುಗಿದರೆ ಕೊನೆಯ ವರ್ಷದ ನನ್ನದೇ ವಿದ್ಯಾರ್ಥಿಯೊಬ್ಬ! ಅವನ ಬಾಯಿ ತೆರೆದಿದ್ದಂತೆಯೇ ನಿಂತಿತು. ನಾನು ನಿಲ್ಲಿಸಲಿಲ್ಲ, ಕ್ಷಣ ಬಿಟ್ಟು ಅವನೂ ಮುಂದುವರಿಸಿದ. ಸೋಮವಾರ ತರಗತಿಯಲ್ಲಿ ಇಬ್ಬರೂ ಅದರ ಮಾತೆತ್ತಲಿಲ್ಲ.

ಇದು ಬರಿಯ ಗದ್ದಲ ಎನ್ನುವವರಿದ್ದಾರೆ. ಗದ್ದಲವೂ ಹೌದು. ಆದರೆ ನಾದ ದೂರದವನಿಗೂ ತಲುಪಬೇಕೆಂಬ ಹಂಬಲ ಗಿಟಾರಿನವರು ತಂದ ರೋಗವಲ್ಲ. ಧ್ವನಿವರ್ಧಕ ಬಳಕೆಗೆ ಬರುವ ಮೊದಲು, ಸಭೆಯ ಹಿಂದಿನ ಸಾಲಿಗೆ ಪಿಟೀಲು ಕೇಳಿಸುವುದಿಲ್ಲವೆಂಬ ದೂರಿಗೆ ನಮ್ಮ ಟಿ. ಚೌಡಯ್ಯನವರು ಕಂಡುಕೊಂಡ ಪರಿಹಾರವೇನು? ನಾಲ್ಕು ತಂತಿಯ ವಾದ್ಯಕ್ಕೆ ಮೂರು ತಂತಿ ಸೇರಿಸಿ ಏಳು ಮಾಡಿದರು. ಶುದ್ಧಿ ಕೆಟ್ಟಿತೆಂದು ಆಗಲೂ ಮೂಗು ಮುರಿದವರಿರಬೇಕು. ಅದೇ ಚೌಡಯ್ಯನವರ ಹೆಸರಿನಲ್ಲಿ ಪಿಟೀಲಿನ ಆಕಾರದ ಸಭಾಭವನ 1980ರಲ್ಲಿ ಎದ್ದಿತು, ಅರಮನೆ ಮೈದಾನಕ್ಕೆ ಬಹಳ ದೂರವೇನಲ್ಲದ ಕಡೆ.

2005ರ ವರ್ಷವನ್ನು ನಾನು ಮರೆಯಲಾರೆ. ನಾಫ್ಲರ್ ಬಂದು ಹೋದ ವರ್ಷ. ಆತ ಮೀಟುಗಡ್ಡಿ ಹಿಡಿಯದೆ ಬರಿಬೆರಳಿನಿಂದಲೇ ನುಡಿಸುವವನು. ಒಂದೊಂದು ಸ್ವರವೂ ಬೆರಳ ತುದಿಯಿಂದ ಬಿಡಿಸಿಕೊಂಡು ಬರುವುದನ್ನು ಕಂಡು ನನಗೆ ನಮ್ಮ ವೈಣಿಕರ ನೆನಪಾಯಿತು. ಅದೇ ವರ್ಷ, ಅದೇ ಮೈದಾನದಲ್ಲಿ, ಸಿ. ಅಶ್ವತ್ಥರ ‘ಕನ್ನಡವೇ ಸತ್ಯ’ ನಡೆಯಿತು. ಲಕ್ಷ ಜನ ಸೇರಿದ್ದರೆಂದು ಹೇಳುತ್ತಾರೆ; ಎಣಿಸಿದವರಾರು? ಕಣ್ಣು ಹಾಯುವಷ್ಟು ದೂರವೂ ತಲೆಗಳಿದ್ದವು ಎನ್ನುವುದು ನಾನು ಕಂಡ ಮಾತು. ಎಂಬತ್ತು ದಾಟಿದ ಸೋದರಮಾವನನ್ನು ಕರೆದೊಯ್ದಿದ್ದೆ. ಕವಿತೆಗಳನ್ನು, ಶಿಶುನಾಳ ಶರೀಫರ ಪದಗಳನ್ನು ವೇದಿಕೆಯಿಂದ ಎತ್ತಿಕೊಟ್ಟರೆ ಸಾಕು, ಜನ ಮುಂದಿನ ಸಾಲನ್ನು ತಾವೇ ಹಾಡುತ್ತಿದ್ದರು. ಮಾವ ಸುತ್ತಲೂ ನೋಡಿ ನನ್ನ ಕಿವಿಯ ಬಳಿ ಬಾಗಿ, “ಏನಯ್ಯಾ ಇದು, ಎಲ್ಲರೂ ಹಾಡ್ತಾ ಇದಾರಲ್ಲ, ಕೇಳೋರು ಯಾರು?” ಎಂದರು.

ನಾನು ಉತ್ತರ ಕೊಡಲಿಲ್ಲ. ಒಂದು ಗಳಿಗೆಯ ಮೇಲೆ ನೋಡಿದರೆ ಅವರ ತುಟಿಯೂ ಆಡುತ್ತಿತ್ತು. ಮನೆಗೆ ಮರಳುವಾಗ ಅವರು ಕೇಳಿದ್ದು ಇಷ್ಟು: “ಆ ಇಂಗ್ಲಿಷಿನವರ ಕಛೇರಿಗೆ ಹೋಗ್ತೀಯಲ್ಲ, ಅವರೂ ಪಲ್ಲವಿಗೆ ಹಿಂತಿರುಗಿ ಬರ್ತಾರೇನು?” ಬರುತ್ತಾರೆ ಮಾವ, ಅಲ್ಲಿಗೆ ಬಂದಾಗಲೇ ಜನ ಹುಚ್ಚೆದ್ದು ಹಾಡುವುದು ಎಂದೆ. “ಹಾಗಾದರೆ ಸರಿ” ಎಂದರು. ಅವರ ಲೋಕದಲ್ಲಿ ಅದಕ್ಕಿಂತ ದೊಡ್ಡ ಮಾನ್ಯತೆ ಇರಲಿಲ್ಲ.

2011ರ ಅಕ್ಟೋಬರಿನ ಸಂಗತಿಯನ್ನು ಬೇಗ ಹೇಳಿಬಿಡುತ್ತೇನೆ. ದೆಹಲಿ ಬಳಿಯ ಮೆಟಾಲಿಕಾ ಕಾರ್ಯಕ್ರಮ ಕೊನೆಯ ಗಳಿಗೆಯಲ್ಲಿ ರದ್ದಾಯಿತು. ಎರಡು ದಿನಗಳ ಮೇಲೆ ಬೆಂಗಳೂರಿನಲ್ಲಿ ನಡೆಯಿತು. ಮಳೆ ಸುರಿದು ಮೈದಾನ ಗದ್ದೆಯಾಗಿತ್ತು. ಚಪ್ಪಲಿಯೊಂದು ಅಲ್ಲೇ ಹೂತುಹೋಯಿತು. ರೈಲು ತಪ್ಪಿ, ದಂಡು ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೆಸರು ಮೆತ್ತಿದ ಕಾಲುಗಳೊಂದಿಗೆ ರಾತ್ರಿ ಕಳೆದೆ. ಪಕ್ಕದಲ್ಲಿ ದೆಹಲಿಯಿಂದ ಬಂದ ಹುಡುಗನೊಬ್ಬ. ಅವನಿಗೆ ನನ್ನ ಭಾಷೆ ಬಾರದು, ನನಗೆ ಅವನ ಹಿಂದಿ ಅರೆಬರೆ. ಬೆಳಗಿನ ಮಾರಿಕುಪ್ಪಂ ಗಾಡಿ ಬರುವವರೆಗೆ ಯಾವ ಹಾಡಿನ ಮೇಲೆ ಯಾವುದು ಬಂತೆಂದು ಬೆರಳು ಮಡಚಿ ಎಣಿಸಿದೆವು.

ದೊಡ್ಡ ಮೈದಾನದ ಸುಖ ಒಂದು ಬಗೆಯದಾದರೆ, ನೂರು ಜನರ ನಡುವೆ ಬರಿಯ ಮರದ ಗಿಟಾರಿನ ಸುಖ ಇನ್ನೊಂದು ಬಗೆಯದು. ಬೆರಳು ತಂತಿಯ ಮೇಲೆ ಜಾರುವ ಕಿರುಸದ್ದೂ ಅಲ್ಲಿ ಹಾಡಿನ ಭಾಗ. ಪಂಚೆಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರು ಹಿಡಿದು ಶರೀಫರನ್ನು ಹಾಡುವ ಮೈಸೂರಿನ ರಘು ದೀಕ್ಷಿತ್ ಇಂಥ ಸಭೆಗಳನ್ನೂ ಗೆದ್ದವರು, ಮೈದಾನಗಳನ್ನೂ ಗೆದ್ದವರು. ಪಿ. ಕಾಳಿಂಗರಾಯರು ಹಿಂದೊಮ್ಮೆ ನವೋದಯದ ಕವಿತೆಯನ್ನು ಹೊಸ ವಾದ್ಯಗಳೊಂದಿಗೆ ಜನರ ಮುಂದಿಟ್ಟ ಧೈರ್ಯದ ವಂಶದವರೇ ಇವರು ಎಂದು ನನಗನಿಸುತ್ತದೆ. ನಮ್ಮ ವೈಟ್‌ಫೀಲ್ಡಿನಲ್ಲೇ 2011ರಲ್ಲಿ ಜಾಗೃತಿ ರಂಗಮಂದಿರ ತೆರೆಯಿತು. ಸಣ್ಣ ಸಭೆಗಳಿಗೆ ನಗರದ ನಡುವಿಗೇ ಓಡಬೇಕೆಂಬ ನಿಯಮ ಸಡಿಲವಾಯಿತು. ಆದರೆ ಈ ಸಣ್ಣ ಸಭೆಗಳ ಆಯುಷ್ಯ ಅಭದ್ರ. ಕುಣಿತದ ಹೋಟೆಲುಗಳನ್ನು ಹತೋಟಿಯಲ್ಲಿಡಲೆಂದು ಬೆಂಗಳೂರು ಪೊಲೀಸರು 2005ರಲ್ಲಿ ಹೊರಡಿಸಿದ ಪರವಾನಗಿ ಆದೇಶವನ್ನು 2018ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಅದರ ಬಿಸಿ ತಟ್ಟಿದ್ದು ಮೂಲೆಯಲ್ಲಿ ಒಬ್ಬ ಗಿಟಾರಿನವನನ್ನು ಕೂರಿಸುತ್ತಿದ್ದ ಉಪಾಹಾರ ಗೃಹಗಳಿಗೂ. ಆ ವರ್ಷ ಎಷ್ಟೋ ಕಡೆ ಹಾಡು ನಿಂತಿತು. ಅಕ್ಕಪಕ್ಕದ ಮನೆಯವರ ನಿದ್ರೆ ಸಣ್ಣ ವಿಷಯವೆಂದು ನಾನು ಹೇಳುವುದಿಲ್ಲ; ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬ 2000ದ ನಿಯಮ ನ್ಯಾಯವಾದದ್ದೇ. ಸಂಜೆ ಏಳರ ಹಾಡಿಗೂ ಅದೇ ಬೀಗ ಬಿದ್ದದ್ದು ನನ್ನ ಅಳಲು.

ದೊಡ್ಡ ಕಾರ್ಯಕ್ರಮಗಳೂ ಬರಬರುತ್ತ ಊರಿನ ಅಂಚಿಗೆ ಸರಿದವು. 2025ರ ಫೆಬ್ರವರಿ 8 ಮತ್ತು 9ರಂದು ಇಂಗ್ಲೆಂಡಿನ ಎಡ್ ಶೀರನ್ ಹಾಡಿದ್ದು ತುಮಕೂರು ರಸ್ತೆಯ ನೈಸ್ ಮೈದಾನದಲ್ಲಿ. 9ರ ಬೆಳಗ್ಗೆ ಆತ ಚರ್ಚ್ ಸ್ಟ್ರೀಟಿನ ಕಾಲುದಾರಿಯಲ್ಲಿ ನಿಂತು ಗಿಟಾರು ಹಿಡಿದು ಹಾಡತೊಡಗಿದಾಗ ಪೊಲೀಸರು ಬಂದು ತಂತಿ ಕಿತ್ತರು. ಅನುಮತಿಯಿಲ್ಲ ಎಂದು ಅವರು, ಇತ್ತು ಎಂದು ಈತ. ಕೋಟೆ ಹೈಸ್ಕೂಲಿನ ಹೊರಗೆ ರಸ್ತೆಯೇ ಸಭೆಯಾಗಿದ್ದ ಊರಿನಲ್ಲಿ ಇದು ನಡೆಯಿತಲ್ಲ ಎಂದು ನನಗೆ ದಿನವೆಲ್ಲ ಬೇಸರ.

ಆ ಸಂಜೆ ನಾನೂ ಹೋಗಿದ್ದೆ. 2023ರಲ್ಲಿ ಮೆಟ್ರೋ ನಮ್ಮ ಕಾಡುಗೋಡಿಗೆ ಬಂದಿದೆ. 2024ರ ನವೆಂಬರಿನಲ್ಲಿ ಇನ್ನೊಂದು ಮಾರ್ಗ ಮಾದಾವರವನ್ನು ಮುಟ್ಟಿದೆ. ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿದರೆ ಊರಿನ ಈ ತುದಿಯಿಂದ ಆ ತುದಿಗೆ. ವೇದಿಕೆಯ ಮೇಲೆ ಹೆಚ್ಚು ಹೊತ್ತು ಒಬ್ಬನೇ ಮನುಷ್ಯ, ಒಂದೇ ಗಿಟಾರು. ತಾನು ನುಡಿಸಿದ್ದನ್ನು ಕಾಲಿನ ಒತ್ತುಗುಂಡಿಯಿಂದ ಆಗಲೇ ಯಂತ್ರದಲ್ಲಿ ಹಿಡಿದು, ಅದು ಸುತ್ತುತ್ತಿರುವಂತೆಯೇ ಮೇಲೆ ಇನ್ನೊಂದನ್ನು ನುಡಿಸುತ್ತ ಹೋಗುತ್ತಾನೆ. ತನ್ನ ತಂಬೂರಿಯನ್ನು ತಾನೇ ಮೀಟಿಕೊಂಡು ಹಾಡುವ ದಾಸರ ಹಾಗೆ. ಗಾಯಕಿ ಶಿಲ್ಪಾ ರಾವ್ ಜತೆ ಒಂದು ತೆಲುಗು ಹಾಡನ್ನೂ ಹಾಡಿದ. ಬೆಂಗಳೂರಿಗೆ ಬಂದು ಕನ್ನಡದ್ದೊಂದು ಹಾಡಬಾರದಿತ್ತೆ ಎಂದು ಪಕ್ಕದವರು ಗೊಣಗಿದರು. ನಾನೂ ಗೊಣಗಿದೆ, ಗೊಣಗುತ್ತಲೇ ತಾಳ ಹಾಕಿದೆ.

ಮರಳುವಾಗ ಗಾಡಿಯ ತುಂಬ ತರುಣ ತರುಣಿಯರು. ಯಾರೋ ಒಬ್ಬಳು ಸಣ್ಣ ದನಿಯಲ್ಲಿ ಪಲ್ಲವಿ ಎತ್ತಿದಳು. ಬೋಗಿಗೆ ಬೋಗಿಯೇ ಸೇರಿಕೊಂಡಿತು. ಮೆಜೆಸ್ಟಿಕ್ಕಿನಲ್ಲಿ ಅರ್ಧ ಜನ ಚದುರಿದರು. ಇಂದಿರಾನಗರದಲ್ಲಿ ಇಷ್ಟು, ಕೃಷ್ಣರಾಜಪುರದಲ್ಲಿ ಇಷ್ಟು, ಹೀಗೆ ದನಿಗಳು ಕಡಿಮೆಯಾಗುತ್ತ ಬಂದವು. ಕಾಡುಗೋಡಿಯಲ್ಲಿ ಬಾಗಿಲು ತೆರೆದಾಗ ಉಳಿದಿದ್ದವರು ಮೂವರು ಹುಡುಗರು ಮತ್ತು ನಾನು. ಅವರು ಇಳಿದು ಹೋದರು. ಕಣ್ಣು ಮುಚ್ಚಿ ಕುಳಿತಿದ್ದ ನನ್ನ ಬಳಿ ಕಾವಲಿನವನು ಬಂದು, “ಯಜಮಾನ್ರೇ, ಕೊನೇ ನಿಲ್ದಾಣ, ಇಳೀರಿ. ಹಾಡು ಮನೇಲಿ ಹಾಡ್ಕೊಳ್ಳಿ” ಎಂದ.