42ನೆಯ ದಿನದ ಆಚೆ: ಬಾಣಂತಿಯರಲ್ಲಿ ನಿಲ್ಲದ ಗುದಮಾರ್ಗದ ರಕ್ತಸ್ರಾವ

ಹೆರಿಗೆಯ ನಂತರ ಮಲದೊಂದಿಗೆ ರಕ್ತ ಹೋಗುವುದು ಅಪರೂಪವೇನಲ್ಲ. ಬಸಿರಿನ ಭಾರಕ್ಕೆ ಗುದದ ರಕ್ತನಾಳಗಳು ಉಬ್ಬಿರುತ್ತವೆ; ಹೆರಿಗೆಯಲ್ಲಿ ತಿಣುಕಿದಾಗ ಮೂಲವ್ಯಾಧಿ ಉಲ್ಬಣಿಸುತ್ತದೆ; ಗಟ್ಟಿಮಲದಿಂದ ಗುದದ್ವಾರದಲ್ಲಿ ಬಿರುಕು ಬೀಳುತ್ತದೆ. ಮೂಲವ್ಯಾಧಿಯ ರಕ್ತ ಸಾಮಾನ್ಯವಾಗಿ ನೋವಿಲ್ಲದೆ ತೊಟ್ಟಿಕ್ಕುತ್ತದೆ; ಬಿರುಕಿದ್ದರೆ ಮಲವಿಸರ್ಜನೆಯ ಹೊತ್ತಿಗೆ ಕೊಯ್ದಂಥ ನೋವು. ಬಹುಪಾಲು ತಾಯಂದಿರಿಗೆ ಕೆಲವು ವಾರಗಳಲ್ಲಿ ಇದು ವಾಸಿಯಾಗುತ್ತದೆ. ಈ ಲೇಖನ ಉಳಿದವರನ್ನು ಕುರಿತದ್ದು.

ಬಿರುಕು ಆರರಿಂದ ಎಂಟು ವಾರ ಕಳೆದರೂ ಮಾಯದಿದ್ದರೆ ಅದು ದೀರ್ಘಕಾಲಿಕ. ನಮ್ಮ ವ್ಯವಸ್ಥೆಯ ಬಾಣಂತಿ ಆರೈಕೆ ಮುಗಿಯುವುದೂ ಸರಿಯಾಗಿ ಆಗಲೇ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರುತ್ತಾರೆ. ಅಂದರೆ ಕಾಯಿಲೆ ಗಂಭೀರವಾಗಿ ಪರಿಗಣಿಸಬೇಕಾದ ಹಂತ ಮುಟ್ಟುವಾಗ ಕೇಳುವವರ ಭೇಟಿ ನಿಂತಿರುತ್ತದೆ.

ಅದಕ್ಕೆ ಮುಂಚೆಯೂ ರೋಗ ಕಣ್ಣಿಗೆ ಬೀಳುವುದು ಕಷ್ಟ. ಮೊದಲ ನಾಲ್ಕಾರು ವಾರ ಗರ್ಭಕೋಶದ ಸ್ರಾವವಿರುವುದರಿಂದ ರಕ್ತ ಎಲ್ಲಿಂದ ಬಂತೆಂದು ತಾಯಿಗೇ ತಿಳಿಯದೆ ಹೋಗಬಹುದು. ನೀರಿನಿಂದ ತೊಳೆದುಕೊಳ್ಳುವವರಿಗೆ ಅಲ್ಪ ರಕ್ತ ಕಾಣುವುದೂ ಇಲ್ಲ. ಆಯಾಸವಾಗುತ್ತಿದೆ ಎಂದರೆ ಹೆರಿಗೆಯ ನಿಶ್ಶಕ್ತಿ ಎಂಬ ಸಮಾಧಾನ ಸಿಗುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯಂತೆ (2019-21) 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಇಷ್ಟು ವ್ಯಾಪಕವಾದದ್ದಕ್ಕೆ ಪ್ರತ್ಯೇಕ ಕಾರಣ ಹುಡುಕುವವರು ಕಡಿಮೆ. ಹೆರಿಗೆಯ ನಂತರ 180 ದಿನ ನೀಡುವ ಕಬ್ಬಿಣಾಂಶದ ಮಾತ್ರೆ ಅಗತ್ಯವೇ; ಆದರೆ ಅದು ಕೆಲವರಲ್ಲಿ ಮಲಬದ್ಧತೆ ತರುತ್ತದೆ, ಮಲವನ್ನು ಕಪ್ಪಾಗಿಸುತ್ತದೆ. ಕೆಂಪು ರಕ್ತಕ್ಕೆ ಮಾತ್ರೆ ಕಾರಣವಲ್ಲ ಎಂಬುದನ್ನು ತಾಯಿಗೆ ಬಿಡಿಸಿ ಹೇಳಬೇಕು.

ಬಾಣಂತನದ ಪಥ್ಯವನ್ನೂ ಇಲ್ಲಿ ಪರಿಶೀಲಿಸಬೇಕು. ಮೆಣಸಿನ ಸಾರು, ಅನ್ನ, ತುಪ್ಪ ಬಾಣಂತಿಗೆ ಒಗ್ಗುವ ಊಟವೇ ಸರಿ. ಅದನ್ನು ಬಡಿಸುವ ಅಜ್ಜಿಯರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ಮಗುವಿಗೆ ಶೀತವಾದೀತೆಂದು ನೀರು, ಸೊಪ್ಪು, ಹಣ್ಣುಗಳನ್ನು ತಡೆಯುವ ಮನೆಗಳಲ್ಲಿ ಮಲ ಗಟ್ಟಿಯಾಗಿ, ಮಾಯುತ್ತಿದ್ದ ಬಿರುಕು ಮತ್ತೆ ಹರಿಯುತ್ತದೆ.

ನಿಲ್ಲದ ರಕ್ತವನ್ನೆಲ್ಲ ಪರೀಕ್ಷಿಸದೆ ‘ಪೈಲ್ಸ್’ ಎಂದುಬಿಡುವುದು ದೊಡ್ಡ ಲೋಪ. ರಕ್ತ ಮಲದೊಳಗೇ ಬೆರೆತಿದ್ದರೆ, ಲೋಳೆ ಹೋಗುತ್ತಿದ್ದರೆ, ಪದೇ ಪದೇ ಭೇದಿಯಾಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದರೆ ಮುಲಾಮಿನಲ್ಲಿ ಕಾಲ ಕಳೆಯಬಾರದು. ಅಲ್ಸರೇಟಿವ್ ಕೊಲೈಟಿಸ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಹೆರುವ ವಯಸ್ಸಿನಲ್ಲೇ. ಈ ವಯಸ್ಸಿನಲ್ಲಿ ಕ್ಯಾನ್ಸರ್ ವಿರಳ, ಆದರೆ ಇಲ್ಲವೆನ್ನುವಂತಿಲ್ಲ. ಬೆರಳು ಪರೀಕ್ಷೆ, ಪ್ರಾಕ್ಟೋಸ್ಕೋಪಿ, ಅಗತ್ಯವಿದ್ದರೆ ಕೊಲೊನೋಸ್ಕೋಪಿ ಆಗಬೇಕು. ಎದೆಹಾಲು ಕುಡಿಸುವುದು ಇದಾವುದಕ್ಕೂ ಅಡ್ಡಿಯಲ್ಲ.

ಹೊಸ ಯೋಜನೆಯೇನೂ ಬೇಕಿಲ್ಲ. 2018ರಿಂದ ಜಾರಿಗೆ ಬಂದ ಎಳೆಮಕ್ಕಳ ಗೃಹಾಧಾರಿತ ಆರೈಕೆಯಡಿ ಆಶಾ ಕಾರ್ಯಕರ್ತೆ ಮಗುವಿನ 3, 6, 9, 12 ಮತ್ತು 15ನೆಯ ತಿಂಗಳಲ್ಲಿ ಮತ್ತೆ ಮನೆಗೆ ಬರುತ್ತಾರೆ. ಆಗ ಎದುರಿಗೆ ತಾಯಿಯೂ ಇರುತ್ತಾಳೆ. ಮೂರನೆಯ ತಿಂಗಳ ಭೇಟಿಯ ನಮೂನೆಯಲ್ಲಿ ‘ಮಲದೊಂದಿಗೆ ರಕ್ತ ಹೋಗುತ್ತಿದೆಯೇ?’ ಎಂಬ ಪ್ರಶ್ನೆಯನ್ನು ಸೇರಿಸಿ, ಹೌದೆಂದವರನ್ನು ತಾಲ್ಲೂಕು ಆಸ್ಪತ್ರೆಯ ಶಸ್ತ್ರವೈದ್ಯರ ಬಳಿಗೆ ಕಳಿಸುವ ಕ್ರಮವನ್ನು ಆರೋಗ್ಯ ಇಲಾಖೆ ಕೈಗೊಳ್ಳಬೇಕು.